ತಾಲೀಮಿನ ದಿನ ಹೋದವರು

ಕರ್ನಾಟಕದ ನೆಲದಲ್ಲಿ ವಾಯುಪಡೆಯ ಕಸರತ್ತಿನ ತಂಡಗಳು ಕಳೆದುಕೊಂಡ ಪೈಲಟ್‌ಗಳನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ನನಗೆ ತಿಳಿದವರಲ್ಲಿ ಒಬ್ಬರೂ ಪ್ರದರ್ಶನದ ದಿನ ಸತ್ತವರಲ್ಲ. 2006ರ ಮಾರ್ಚ್‌ನಲ್ಲಿ ಬೀದರ್ ಬಳಿ ಸೂರ್ಯಕಿರಣ ತಂಡದ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್. 2007ರ ಫೆಬ್ರವರಿ 2ರಂದು ಯಲಹಂಕದಲ್ಲಿ ಸಾರಂಗ್ ಹೆಲಿಕಾಪ್ಟರ್ ತಂಡದ ಸ್ಕ್ವಾಡ್ರನ್ ಲೀಡರ್ ಪ್ರಿಯೆ ಶರ್ಮಾ. ಅಂದು ಜೊತೆಗಿದ್ದ ಪೈಲಟ್‌ಗೆ ತೀವ್ರ ಗಾಯ. 2009ರ ಜನವರಿ 21ರಂದು ಮತ್ತೆ ಬೀದರ್ ಹತ್ತಿರ ವಿಂಗ್ ಕಮಾಂಡರ್ ಆರ್.ಎಸ್. ಧಾಲಿವಾಲ್. ಹತ್ತು ವರ್ಷದ ನಂತರ, 2019ರ ಫೆಬ್ರವರಿ 19ರ ಮಂಗಳವಾರ, ಯಲಹಂಕದಲ್ಲಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ. ಎಲ್ಲರೂ ತಾಲೀಮಿನಲ್ಲಿ ಹೋದವರು. ನಾವು ಪಾಸು ತೋರಿಸಿ ಒಳಗೆ ಹೋಗಿ, ತಲೆಗೆ ಟೋಪಿ ಹಾಕಿಕೊಂಡು ಆಕಾಶ ನೋಡುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ.

2019ರ ಏರೋ ಇಂಡಿಯಾ ವಿಮಾನ ಪ್ರದರ್ಶನ ನೋಡಲು ನಾವೊಂದಷ್ಟು ಜನ ಅಂಬ್ಲಿಗೊಳದ ಕಡೆಯಿಂದ ಶಿಕಾರಿಪುರಕ್ಕೆ ಬಂದು ರಾತ್ರಿ ಬಸ್ಸು ಹಿಡಿದಿದ್ದೆವು. ಬಸ್ಸಿನಲ್ಲೇ ಎಲ್ಲರ ಮೊಬೈಲಿನಲ್ಲೂ ಆ ಅಪಘಾತದ ವಿಡಿಯೋ. ನಮ್ಮೂರಿನ ಹುಡುಗನೊಬ್ಬ ಯಲಹಂಕದಲ್ಲಿ ಕ್ಯಾಬ್ ಓಡಿಸುತ್ತಾನೆ. ಬೆಳಿಗ್ಗೆ ನಮ್ಮನ್ನು ಕರೆದುಕೊಂಡು ಹೋಗಲು ಬಂದವನು ಹಿಂದಿನ ದಿನ ತನ್ನ ಕಣ್ಣಾರೆ ಹೊಗೆ ಕಂಡದ್ದನ್ನು ಹೇಳಿದ. "ಮೊದಲು ನಾನು ಅದೂ ಶೋನೇ ಅಂದ್ಕೊಂಡೆ ಸಾರ್. ಬಣ್ಣದ ಹೊಗೆ ಬಿಡ್ತಾರಲ್ಲ, ಇವತ್ತು ಕಪ್ಪು ಬಿಟ್ಟಿದಾರೆ ಅಂತ." ಆಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಆದದ್ದು ಇಷ್ಟು. ಉದ್ಘಾಟನೆಗೆ ಒಂದು ದಿನ ಮುಂಚೆ, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಗಾಳಿಯಲ್ಲೇ ಒಂದಕ್ಕೊಂದು ತಗುಲಿದವು. ಒಂದರಲ್ಲಿದ್ದ ಇಬ್ಬರು, ವಿಜಯ್ ಶೆಲ್ಕೆ ಮತ್ತು ತೇಜೇಶ್ವರ್ ಸಿಂಗ್, ಹೊರಚಿಮ್ಮಿ ಬದುಕಿದರು. ಇನ್ನೊಂದರಲ್ಲಿ ಒಬ್ಬರೇ ಇದ್ದ ಸಾಹಿಲ್ ಗಾಂಧಿ ಉಳಿಯಲಿಲ್ಲ. ಹರಿಯಾಣದ ಹಿಸಾರ್‌ನವರು. ಅವಶೇಷಗಳು ಬಿದ್ದದ್ದು ಇಸ್ರೋ ಲೇಔಟ್ ಸುತ್ತಮುತ್ತ, ಜನ ವಾಸವಿರುವ ಬಡಾವಣೆಯಲ್ಲಿ. ಅದೇ ತಿಂಗಳ 1ರಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ 2000 ಉರುಳಿ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ತೀರಿಕೊಂಡಿದ್ದರು. ಸಾಲದು ಎಂಬಂತೆ 23ರಂದು ಪ್ರದರ್ಶನದ ವಾಹನ ನಿಲುಗಡೆ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟವು. ಇವತ್ತು ಆ ವರ್ಷದ ಏರೋ ಇಂಡಿಯಾ ಎಂದರೆ ನಮ್ಮ ಕಡೆಯ ಬಹುಪಾಲು ಜನಕ್ಕೆ ನೆನಪಿರುವುದು ಕಾರುಗಳೇ. ಕಾರು ನಮ್ಮಂಥವರದು, ವಿಮಾನ ಯಾರದೋ.

ಮರುದಿನ ಉದ್ಘಾಟನೆ ನಿಲ್ಲಲಿಲ್ಲ. ಗಾಂಧಿಯವರಿಗೆ ಗೌರವ ಸಲ್ಲಿಸಿ ಹಾರಾಟ ಶುರುವಾಯಿತು. ಜನಜಂಗುಳಿಯ ಮಧ್ಯೆ ನಿಂತು ನಾನು ಗಮನಿಸಿದ್ದು ಆಕಾಶವನ್ನಲ್ಲ, ಅಕ್ಕಪಕ್ಕದವರನ್ನು. ಮೊದಲ ಸ್ವಲ್ಪ ಹೊತ್ತು ಎಲ್ಲರ ಬಾಯಲ್ಲೂ ಅಪಘಾತದ ಮಾತೇ. ಯಾರೋ ಒಬ್ಬರು ಎಂಜಿನ್ ಕೆಟ್ಟಿರಬೇಕು ಎಂದರೆ ಇನ್ನೊಬ್ಬರು ಹದ್ದು ಹೊಡೆದಿರಬೇಕು ಎಂದರು. ಯಲಹಂಕದಲ್ಲಿ ಹದ್ದಿನ ಮಾತು ಸುಮ್ಮನೆ ಬರುವುದಲ್ಲ. ಪ್ರತಿ ಸಲ ಏರೋ ಇಂಡಿಯಾ ಹತ್ತಿರ ಬಂದಾಗ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ. ಎಸೆದ ತ್ಯಾಜ್ಯಕ್ಕೆ ಹದ್ದು ಮುತ್ತಿದರೆ ವಿಮಾನಕ್ಕೆ ಕಂಟಕ. ಅಷ್ಟರಲ್ಲಿ ರಫೇಲ್ ಎದ್ದಿತು. ಆಗ ಆ ವಿಮಾನದ ಖರೀದಿಯ ಜಗಳ ಟಿವಿಯಲ್ಲಿ ಹಗಲು ರಾತ್ರಿ ನಡೆಯುತ್ತಿದ್ದ ಕಾಲ. ಸದ್ದು ಎದೆಗೂಡಿಗೆ ಬಂದು ಬಡಿಯಿತು, ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದವು, ಮೊಬೈಲುಗಳೆಲ್ಲ ಮೇಲೆದ್ದವು. ಸತ್ತವರ ಮಾತು ಅಲ್ಲಿಗೆ ಮುಗಿಯಿತು. ನಾನೂ ಕತ್ತೆತ್ತಿ ನೋಡಿದೆ. ನೋಡದೆ ಇರಲು ಆಗುವುದಿಲ್ಲ.

ಒಂಬತ್ತು ವಿಮಾನಗಳ ತಂಡ ಹಾರುವುದು ಹೇಗೆ ಎಂದು ತಿಳಿದುಕೊಂಡರೆ ನೋಟ ಬೇರೆಯಾಗುತ್ತದೆ. ಒಂದರ ರೆಕ್ಕೆಗೂ ಇನ್ನೊಂದರ ರೆಕ್ಕೆಗೂ ನಡುವೆ ಇರುವುದು ಕೆಲವೇ ಮೀಟರ್. ಮುಂದಾಳು ಒಬ್ಬನೇ ನೆಲ, ದಿಗಂತ, ದಿಕ್ಕು ನೋಡುತ್ತಾನೆ. ಉಳಿದವರು ದಿಗಂತ ನೋಡುವುದೇ ಇಲ್ಲ. ಪಕ್ಕದ ವಿಮಾನದ ಮೈಮೇಲಿನ ಎರಡು ಗುರುತುಗಳನ್ನು, ರೆಕ್ಕೆಯ ತುದಿಯದೊಂದು ಬಿಂದು, ಒಡಲಿನ ಮೇಲಿನದೊಂದು ಬಿಂದು ಎಂದಿಟ್ಟುಕೊಳ್ಳಿ, ಅವೆರಡೂ ಒಂದೇ ಗೆರೆಯಲ್ಲಿ ಕಾಣುವ ಹಾಗೆ ಕಣ್ಣು ನೆಟ್ಟು ಕೂತಿರುತ್ತಾರೆ. ಗೆರೆ ತಪ್ಪಿದರೆ ಕೈ ತಿದ್ದಬೇಕು. ತಲೆಕೆಳಗಾಗಿದ್ದೇವೋ, ನೆಲ ಎಷ್ಟು ದೂರವೋ, ಅದು ಮುಂದಾಳಿನ ಜವಾಬ್ದಾರಿ. ಕೆಳಗೆ ನಿಂತವರಿಗೆ ಅದು ಹಕ್ಕಿಗಳ ಸಾಲು. ಒಳಗೆ ಕೂತವನಿಗೆ ಇನ್ನೊಬ್ಬನ ಮೇಲಿಟ್ಟ ನಂಬಿಕೆಯ ಹೊರತು ಬೇರೇನೂ ಇಲ್ಲ. ಇದನ್ನು ಕೈಗೆ ಕೂರಿಸಿಕೊಳ್ಳಲು ತಿಂಗಳುಗಟ್ಟಲೆ ತಾಲೀಮು ಬೇಕು. ಒಂದು ಪ್ರದರ್ಶನಕ್ಕೆ ಹಲವು ಪಟ್ಟು ತಾಲೀಮು ನಡೆಯುವುದರಿಂದ ಸಾವೂ ಅಲ್ಲಿಯೇ ಕಾದಿರುತ್ತದೆ.

ಸೂರ್ಯಕಿರಣದ ಕಥೆ ಒಂದು ಅರ್ಥದಲ್ಲಿ ನಮ್ಮದೇ ನಾಡಿನ ಕಥೆ. ತಂಡ ಹುಟ್ಟಿದ್ದು 1996ರಲ್ಲಿ, ಬೀದರ್‌ನಲ್ಲಿ. ಹಾರಿಸುತ್ತಿದ್ದದ್ದು ಕಿರಣ ವಿಮಾನ. ಅದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1964ರಲ್ಲಿ ಮೊದಲು ಹಾರಿದ್ದು. 2011ರಲ್ಲಿ ತರಬೇತಿಗೆ ವಿಮಾನ ಸಾಲದೆ ತಂಡವನ್ನೇ ನಿಲ್ಲಿಸಿ ಕಿರಣಗಳನ್ನು ಕಲಿಯುವ ಹುಡುಗರಿಗೆ ಕೊಟ್ಟರು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ತಂಡ ಮರಳಿತು. ಪರವಾನಗಿ ಪಡೆದು ಹಾಕ್ ಕಟ್ಟಿದ್ದೂ ಎಚ್‌ಎಎಲ್ಲೇ. ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರ್ ಕೂಡ ಬೆಂಗಳೂರಿನದು. ಏರೋ ಇಂಡಿಯಾವನ್ನು ಲಖನೌಗೆ ಒಯ್ಯುತ್ತಾರೆ ಎಂಬ ಸುದ್ದಿ 2018ರಲ್ಲಿ ಹಬ್ಬಿದಾಗ ನಮ್ಮವರು ಪಕ್ಷಭೇದ ಮರೆತು ಕೂಗೆಬ್ಬಿಸಿದರು. ಸರಿಯಾದ ಕೂಗೇ. ಆದರೆ ಪ್ರದರ್ಶನ ನಮ್ಮದು ಎಂದವರು ಅದರ ಸಾವುಗಳೂ ನಮ್ಮವು ಎಂದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹಾಗೆಂದು ಬೆಂಗಳೂರು ಪೂರ್ತಿ ಮರೆಗುಳಿ ಊರೂ ಅಲ್ಲ. ಎಚ್‌ಎಎಲ್ ಹತ್ತಿರ ಸುರಂಜನ್ ದಾಸ್ ರಸ್ತೆ ಇದೆ. 1961ರ ಜೂನ್‌ನಲ್ಲಿ ಮಾರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ವಿಮಾನ ಅದು. 1970ರ ಜನವರಿ 10ರಂದು ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಎಚ್‌ಎಎಲ್ ನಿಲ್ದಾಣದಲ್ಲೇ ಅವರು ತೀರಿಕೊಂಡರು. ಆ ರಸ್ತೆಯಲ್ಲಿ ಸಿಗ್ನಲ್ ಬಿಡಲೆಂದು ಕಾಯುವ ಎಷ್ಟು ಜನಕ್ಕೆ ಇದು ಗೊತ್ತೋ. ಆದರೂ ವಿಳಾಸ ಬರೆಯುವಾಗಲೆಲ್ಲ ಆ ಹೆಸರನ್ನು ಬರೆಯಲೇಬೇಕು. ಅಷ್ಟಾದರೂ ಆಯಿತು.

ಅಪಘಾತದ ನಂತರ ಪ್ರದರ್ಶನ ಮುಂದುವರಿಸಬೇಕೇ? ಈ ಪ್ರಶ್ನೆ ಹಳೆಯದು. 1952ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಜಾನ್ ಡೆರಿ ಹಾರಿಸುತ್ತಿದ್ದ ವಿಮಾನ ಗಾಳಿಯಲ್ಲೇ ಛಿದ್ರವಾಗಿ, ಅವರೂ ಜೊತೆಗಿದ್ದ ರಿಚರ್ಡ್ಸ್ ಕೂಡ ಸತ್ತರು. ಎಂಜಿನ್ ಜನರ ಮೇಲೆ ಬಿದ್ದು 29 ಪ್ರೇಕ್ಷಕರು ಹೋದರು. ಸ್ವಲ್ಪ ಹೊತ್ತಿನಲ್ಲೇ ನೆವಿಲ್ ಡ್ಯೂಕ್ ಎಂಬ ಪೈಲಟ್ ತಮ್ಮ ಹಂಟರ್ ವಿಮಾನ ಏರಿ ಪ್ರದರ್ಶನ ಮುಂದುವರಿಸಿದರು. ಪ್ರಧಾನಿ ಚರ್ಚಿಲ್ ಅವರಿಗೆ ಮೆಚ್ಚಿ ಕಾಗದ ಬರೆದರು. ಅದು ಯುದ್ಧ ಕಂಡು ಬಂದ ತಲೆಮಾರು. ಪಕ್ಕದವನು ಬಿದ್ದರೂ ಹಾರುವುದು ಅವರಿಗೆ ಅಭ್ಯಾಸವಾಗಿತ್ತು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ವಿಮಾನಗಳು ಡಿಕ್ಕಿಯಾಗಿ, ಜನರ ಕಡೆಗೇ ಮುಖಮಾಡಿ ಬರುತ್ತಿದ್ದ ಒಂದು ವಿಮಾನ ಗುಂಪಿನೊಳಕ್ಕೆ ಬಿದ್ದು ಒಟ್ಟು 70 ಜನ ಸತ್ತರು. ಪ್ರೇಕ್ಷಕರತ್ತ ನುಗ್ಗುವ ಕಸರತ್ತು ಬೇಡ ಎಂಬ ನಿಯಮ ಅಲ್ಲಿಂದೀಚೆಗೆ ಬಿಗಿಯಾಯಿತು. ಇಂದು ನಾವು ನಿಶ್ಚಿಂತೆಯಿಂದ ಬಾಯಿ ತೆರೆದು ನಿಲ್ಲಲು ಅಲ್ಲಿ ಸತ್ತವರು ಕಾರಣ.

2025ರ ನವೆಂಬರ್ 21ರಂದು ದುಬೈ ಪ್ರದರ್ಶನದ ಕೊನೆಯ ದಿನ ನಮ್ಮ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಸತ್ತಾಗ ಈ ಪ್ರಶ್ನೆ ಮತ್ತೆ ಎದ್ದಿತು. ಇಲ್ಲಿ ತಾಲೀಮಿನ ಪರದೆ ಇರಲಿಲ್ಲ. ಜನ ನೋಡುತ್ತಿರುವಾಗಲೇ ಎಲ್ಲ ನಡೆಯಿತು. ಹೊಗೆ ಆರುತ್ತಿದ್ದಂತೆ ಹಾರಾಟ ಮತ್ತೆ ಶುರುವಾಯಿತು. ಅಮೆರಿಕದ ಎಫ್-16 ಪ್ರದರ್ಶನ ತಂಡದ ಮೇಜರ್ ಟೇಲರ್ ಹೀಸ್ಟರ್ ತಮ್ಮ ಕೊನೆಯ ಹಾರಾಟವನ್ನು ರದ್ದು ಮಾಡಿ, ಏನೂ ಆಗಿಲ್ಲವೆಂಬಂತೆ ಧ್ವನಿವರ್ಧಕದ ಉತ್ಸಾಹ ಮುಂದುವರಿದದ್ದು ತಮಗೆ ಆಘಾತ ತಂದಿತು ಎಂಬ ಅರ್ಥದಲ್ಲಿ ಬರೆದುಕೊಂಡರು. ನನಗೆ ಮುಖ್ಯವಾಗಿ ಕಂಡದ್ದು ಇದು: ಹಾಗೆ ಬೇಸರಪಟ್ಟವರು ಪ್ರೇಕ್ಷಕರಲ್ಲ, ಮರುಗಳಿಗೆ ಆಕಾಶಕ್ಕೆ ಏರಬೇಕಿದ್ದವರು.

ಈ ವಿಷಯದಲ್ಲಿ ಬೆರಳು ತೋರಿಸುವ ಅಧಿಕಾರ ನಮ್ಮ ಶಿಕಾರಿಪುರ, ಸೊರಬದವರಿಗೆ ಎಷ್ಟಿದೆಯೋ ಗೊತ್ತಿಲ್ಲ. ದೀಪಾವಳಿ ಕಳೆದ ಮೇಲೆ ಊರಿಂದೂರಿಗೆ ಹೋರಿ ಹಬ್ಬ. ವರ್ಷಪೂರ್ತಿ ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜು ಹೊಡೆಸಿ, ಓಟ ಕಲಿಸಿ ಸಾಕಿದ ಹೋರಿಗೆ ಜೂಲ ಹೊದಿಸಿ, ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಪೀಪಿ ಬಿಗಿದು ಅಖಾಡಕ್ಕೆ ಬಿಡುತ್ತಾರೆ. ಹೆಸರಿದೆ, ಅಭಿಮಾನಿಗಳಿದ್ದಾರೆ, ಅಭಿಮಾನಿಗಳ ಬೆನ್ನ ಮೇಲೆ ಹೋರಿಯ ಚಿತ್ರದ ಟೀ-ಶರ್ಟಿದೆ. ಕೊಬ್ಬರಿ ಹರಿಯುವವರು ಒಂದಷ್ಟು ಜನ, ನೋಡಲು ನಿಂತವರು ಸಾವಿರಾರು. ಹೋರಿ ತಿವಿದು ಒಬ್ಬ ಸತ್ತ ಎಂಬ ಸುದ್ದಿ ಇಲ್ಲಿ ಹೊಸದಲ್ಲ. ಸತ್ತವನು ಎಷ್ಟೋ ಸಲ ಆಡಲು ಇಳಿದವನಲ್ಲ, ಬದಿಯಲ್ಲಿ ನಿಂತು ನೋಡುತ್ತಿದ್ದವನು. ಆಂಬ್ಯುಲೆನ್ಸ್ ಹೋದ ದಾರಿಯ ಧೂಳು ಕೂರುವ ಮೊದಲೇ ಮೈಕಿನಲ್ಲಿ "ಜಾಗ ಬಿಡ್ರಿ, ಜಾಗ ಬಿಡ್ರಿ, ಮುಂದಿನ ಹೋರಿ ಬರ್ತಾ ಐತಿ" ಎಂದು ಕೂಗುವುದನ್ನು ನಾನು ಕೇಳಿದ್ದೇನೆ. ಕೂಗಿದವನು ಕಲ್ಲೆದೆಯವನೇನಲ್ಲ. ಹಿಂದೆ ಸಾಲಾಗಿ ಹೋರಿಗಳು ಹಗ್ಗ ಜಗ್ಗುತ್ತಿರುತ್ತವೆ, ಜನ ಕದಲುವುದಿಲ್ಲ, ನಿಲ್ಲಿಸಿದರೆ ಗಲಾಟೆ. ದುಬೈನ ಮೈಕಿನವನ ಪಾಡೂ ಅದೇ ಇರಬಹುದು.

ಇದೇ ಸೀಮೆಯಲ್ಲಿ ಸಾವನ್ನು ನೆನೆಯುವ ಇನ್ನೊಂದು ಪದ್ಧತಿಯೂ ಇತ್ತು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಶಿಕಾರಿಪುರದ, 8ನೆಯದರಲ್ಲಿ ಸೊರಬದ ಶಾಸನಗಳನ್ನು ಕೊಟ್ಟಿದ್ದಾರೆ. ತಿರುವಿ ಹಾಕಿದರೆ ವೀರಗಲ್ಲು, ಮತ್ತೆ ವೀರಗಲ್ಲು. ತುರುಗೊಳ್ಳುವಲ್ಲಿ ಅಡ್ಡ ನಿಂತು ಸತ್ತವನು, ಊರಳಿವಿನಲ್ಲಿ ಸತ್ತವನು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಅವನು ಹೇಗೆ ಸತ್ತ ಎಂಬುದು: ಎದುರಾಳಿ ಎಷ್ಟು ಮಂದಿ, ಕೈಯಲ್ಲಿ ಬಿಲ್ಲೋ ಕತ್ತಿಯೋ, ಹಿಂದೆ ದನಗಳ ಸಾಲು. ನಡುವೆ ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಶಿವನ ಸನ್ನಿಧಿ. ಸ್ವರ್ಗದ ಭಾಗ ಎಲ್ಲ ಕಲ್ಲಿನಲ್ಲೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಕೆ ಮಾತ್ರ ಸತ್ತವನದೇ. ಈಗಿನ ನಮ್ಮ ಶ್ರದ್ಧಾಂಜಲಿಗಳಲ್ಲಿ ಮೇಲಿನ ಎರಡು ಪಟ್ಟಿಕೆ ಚೆನ್ನಾಗಿ ಕೆತ್ತಿರುತ್ತೇವೆ. ಕೆಳಗಿನದು ಖಾಲಿ; ಸೇನಾ ವಿಮಾನ ಬಿದ್ದಾಗ ವಿಚಾರಣೆ ನಡೆಯುತ್ತದೆ, ವರದಿ ಪೂರ್ತಿಯಾಗಿ ಜನರ ಕೈಗೆ ಬರುವುದು ಅಪರೂಪ.

ಯುದ್ಧದಲ್ಲಿ ಸತ್ತವರಿಗೆ ಕಲ್ಲು ಸರಿ, ಆಟದಲ್ಲಿ ಸತ್ತವರಿಗೆ? ಅದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, 949-50ರ ಕಾಲದ್ದು. ಗಂಗ ಅರಸ ಬೂತುಗ ಯುದ್ಧದಲ್ಲಿ ಮೆಚ್ಚಿ ಏನು ಬೇಕು ಕೇಳು ಎಂದಾಗ ಮಣಲೆರ ಎಂಬ ವೀರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಅದು ಬೇಟೆ, ಅರಸುಮಕ್ಕಳ ಮನರಂಜನೆ. ಆದರೂ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಮುಖ್ಯವಾದದ್ದು ಮುಂದಿನದು: ಆ ಕಲ್ಲನ್ನು ಪೂಜಿಸುವ ಹೊಣೆಯನ್ನು ಒಬ್ಬ ಗೊರವನಿಗೆ ವಹಿಸಿ, ಪೂಜೆ ಮಾಡದೆ ಅವನು ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಬರೆಸಿದರು. ನೆನಪು ತಾನಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು; ಅದಕ್ಕೊಬ್ಬ ಆಳು, ಅವನಿಗೊಂದಿಷ್ಟು ಹೊಲ, ತಪ್ಪಿದರೆ ಒಂದು ಶಾಪ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನನ್ನ ಪ್ರಕಾರ ಪ್ರದರ್ಶನ ನಿಲ್ಲಿಸಬೇಕಾಗಿಲ್ಲ. ಸಾಹಿಲ್ ಗಾಂಧಿಯವರ ಜೊತೆಗಾರರೇ ನಿಲ್ಲಿಸಿ ಎಂದಿದ್ದರೆ ಬೇರೆ ಮಾತು. ಆದರೆ ಏರೋ ಇಂಡಿಯಾ ನಡೆಯುವುದು ಬೆಸ ವರ್ಷಗಳ ಫೆಬ್ರವರಿಯಲ್ಲಿ. ರೂಢಿಯಂತೆ ಮುಂದಿನದು 2027ಕ್ಕೆ. ಉದ್ಘಾಟನೆಯ ದಿನ ಮಂತ್ರಿಗಳ ಭಾಷಣ, ಕಂಪನಿಗಳ ಒಪ್ಪಂದ, ರನ್‌ವೇ ಬಗ್ಗೆ ಮಾತು ಎಲ್ಲ ಇರುತ್ತದೆ. ಸೂರ್ಯಕಿರಣ ಹಾರುವ ಮೊದಲು ಧ್ವನಿವರ್ಧಕದವರು ಒಂಬತ್ತು ಪೈಲಟ್‌ಗಳ ಹೆಸರನ್ನು ಒಬ್ಬೊಬ್ಬರದಾಗಿ ಹೇಳುವುದು ವಾಡಿಕೆ. ಅದೇ ಉಸಿರಿನಲ್ಲಿ ಭಾಟಿಯಾ, ಶೈಲೇಂದರ್ ಸಿಂಗ್, ಪ್ರಿಯೆ ಶರ್ಮಾ, ಧಾಲಿವಾಲ್, ಗಾಂಧಿ ಎಂದು ಓದಲು ಅರ್ಧ ನಿಮಿಷ ಬೇಕಾಗಬಹುದು. ಓದುವ ಹೊಣೆ ಯಾರದು ಎಂದು ಕಾರ್ಯಕ್ರಮಪಟ್ಟಿಯಲ್ಲಿ ಮುದ್ರಿಸಿಬಿಡಲಿ. ನಮ್ಮ ಹೋರಿ ಹಬ್ಬದ ಸಮಿತಿಗಳೂ ಕರಪತ್ರದಲ್ಲಿ ಬಹುಮಾನದ ಬೈಕು, ಬಂಗಾರದ ಪಟ್ಟಿಯ ಕೆಳಗೆ ಒಂದು ಸಾಲಿನಷ್ಟು ಜಾಗ ಹೊಂದಿಸಬಹುದು.