ಮಗುವಿನ ಮಾಹಿತಿಯೂ ಗುರುವಿನ ಹೊಣೆಯೂ

ಮಗುವನ್ನು ಶಾಲೆಗೆ ಸೇರಿಸುವ ದಿನ ತಂದೆತಾಯಿಗಳು ಅದರ ಕೈಯನ್ನು ಗುರುವಿನ ಕೈಗೆ ಒಪ್ಪಿಸುತ್ತಾರೆ. ಅದಕ್ಕೆ ಆಧಾರ ವಿಶ್ವಾಸವೇ ಹೊರತು ಕರಾರುಪತ್ರವಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ತರಗತಿಯು ಮೊಬೈಲ್ ಸೇರಿದಾಗ, ಇವರಿಬ್ಬರ ನಡುವೆ ಮೂರನೆಯವರು ಬಂದು ಕುಳಿತರು. ಅವರು ಕಲಿಕಾ ಆ್ಯಪ್‌ಗಳ ಒಡೆಯರು.

2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 49 ದೇಶಗಳ ಆನ್‌ಲೈನ್ ಕಲಿಕಾ ಸಾಧನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 89ರಷ್ಟು ಸಾಧನಗಳು ಮಾಹಿತಿಯನ್ನು ಬಳಸುವ ರೀತಿ ಮಕ್ಕಳ ಹಕ್ಕುಗಳಿಗೆ ಧಕ್ಕೆಯನ್ನೋ ಅಪಾಯವನ್ನೋ ತರುವಂತಿತ್ತು. ನಮ್ಮ ಸರ್ಕಾರಿ ವೇದಿಕೆ ‘ದೀಕ್ಷಾ’ದ ಒಂದು ಮಾಹಿತಿ ಸಂಗ್ರಹವು ರಕ್ಷಣೆಯಿಲ್ಲದೆ ತೆರೆದುಕೊಂಡಿತ್ತೆಂದೂ, ಅದರಲ್ಲಿ ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರಗಳಿದ್ದವೆಂದೂ 2023ರ ಜನವರಿಯಲ್ಲಿ ವರದಿಯಾಯಿತು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿ ಬೇಕೆನ್ನುತ್ತದೆ; ಮಕ್ಕಳ ಚಲನವಲನ ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಆದರೆ 2025ರಲ್ಲಿ ಪ್ರಕಟವಾದ ನಿಯಮಗಳು ಬೋಧನೆ ಮತ್ತು ಮಕ್ಕಳ ಸುರಕ್ಷತೆಯ ಸಲುವಾಗಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ನೀಡಿವೆ. ಕಾನೂನು ಹೀಗೆ ಬಿಟ್ಟುಕೊಟ್ಟ ಜಾಗವನ್ನು ಶಾಲೆಯ ವಿವೇಕವೇ ತುಂಬಬೇಕು.

ಸಮ್ಮತಿಯ ಮಾತನ್ನೂ ನಾವು ಪ್ರಾಮಾಣಿಕವಾಗಿ ನೋಡಬೇಕಾಗಿದೆ. ‘ಒಪ್ಪಿದ್ದೇನೆ’ ಎಂದು ಒತ್ತದಿದ್ದರೆ ಪಾಠವೇ ತೆರೆಯದೆಂದಾದರೆ ಅದು ಒಪ್ಪಿಗೆಯಲ್ಲ, ನಿರ್ಬಂಧ. ಇಂಗ್ಲಿಷಿನ ಹತ್ತಾರು ಪುಟಗಳ ಷರತ್ತುಗಳನ್ನು ಹೊಲದ ಕೆಲಸ ಮುಗಿಸಿ ಬಂದ ತಾಯಿ ಓದಬಲ್ಲಳೇ? ಅವಳು ಒಪ್ಪುವುದು ಆ್ಯಪನ್ನು ನಂಬಿ ಅಲ್ಲ, ಅದನ್ನು ಸೂಚಿಸಿದ ಮೇಷ್ಟರನ್ನು ನಂಬಿ.

ನಾಡಿನ ಅನೇಕ ಮಠಗಳು ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುತ್ತಿರುವುದರಿಂದ ಈ ಹೊಣೆ ನಮ್ಮದೂ ಹೌದು. ಯಾವುದೇ ಆ್ಯಪನ್ನು ಮಕ್ಕಳ ಕೈಗಿಡುವ ಮುನ್ನ ಅದು ಏನನ್ನು ಸಂಗ್ರಹಿಸುತ್ತದೆ, ಯಾರಿಗೆ ಕೊಡುತ್ತದೆ, ಯಾವಾಗ ಅಳಿಸುತ್ತದೆ ಎಂದು ಕೇಳೋಣ. ಉತ್ತರವನ್ನು ಪೋಷಕರ ಸಭೆಯಲ್ಲಿ ಕನ್ನಡದಲ್ಲೇ ತಿಳಿಸೋಣ. ಅಂಕಪಟ್ಟಿ, ಆಧಾರ್ ಪ್ರತಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡದಂತೆ ತಡೆಯೋಣ. ಒಪ್ಪದ ಪೋಷಕರ ಮಗುವಿಗೂ ಪಾಠ ತಪ್ಪದಂತೆ ಬೇರೆ ದಾರಿ ಒದಗಿಸೋಣ.

ಸೋರಿದ ಮಾಹಿತಿಯನ್ನು ಮರಳಿ ತರಲಾಗದು. ಕಳೆದುಕೊಂಡ ವಿಶ್ವಾಸವನ್ನು ಗಳಿಸುವುದೂ ಅಷ್ಟೇ ಕಠಿಣ.