ಬಿಸಿಲು ಪುಕ್ಕಟೆ, ಅಡುಗೆ ಪುಕ್ಕಟೆ ಅಲ್ಲ: ಸೋಲಾರ್ ಒಲೆ ಯಾರಿಗೆ ಲಾಭ?

ಚಿಕ್ಕೋಡಿ: ಅಥಣಿ, ಕಾಗವಾಡ, ರಾಯಬಾಗ ಭಾಗದಲ್ಲಿ ಬಿಸಿಲಿಗೆ ಬರ ಇಲ್ಲ. ಬೇಸಿಗೆ ಬಂದ್ರೆ ಮಾಳಿಗೆ ಮೇಲೆ ಮೆಣಸಿನಕಾಯಿ, ಶೇಂಗಾ, ಹಪ್ಪಳ, ಸಂಡಿಗೆ ಎಲ್ಲಾ ಒಣಗುತ್ತವೆ. ಅದೇ ಬಿಸಿಲಲ್ಲಿ ಅಡುಗೆ ಯಾಕೆ ಆಗಬಾರದು? ಸಿಲಿಂಡರ್ ದರ ಏರಿದಾಗೆಲ್ಲ ಮನೆಗಳಲ್ಲಿ, ಖಾನಾವಳಿಗಳಲ್ಲಿ ಈ ಮಾತು ಬರುತ್ತೆ.

ತೊಡಕು ಇರೋದು ಹೊತ್ತಿನಲ್ಲಿ. ಬಿಸಿಲು ಚಲೋ ಬೀಳೋದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ಶಾಲೆ ಡಬ್ಬಿ, ಹೊಲದ ಬುತ್ತಿ, ಹೋಟೆಲ್ ನಾಷ್ಟಾ ಎಲ್ಲಾ ಅದಕ್ಕಿಂತ ಮುಂಚೆ ತಯಾರಾಗಬೇಕು. ಮಧ್ಯಾಹ್ನದ ಬಿಸಿಲನ್ನು ಬೆಳಿಗ್ಗೆವರೆಗೆ ಕೂಡಿಡೋದು ಹೇಗೆ ಎಂಬುದರ ಮೇಲೆ ಸೋಲಾರ್ ಅಡುಗೆಯ ಲಾಭ-ನಷ್ಟ ನಿಂತಿದೆ.

ಪೆಟ್ಟಿಗೆ ಒಲೆ: ಅನ್ನ ಆಗುತ್ತೆ, ರೊಟ್ಟಿ ಆಗಲ್ಲ

ಕಪ್ಪು ಬಣ್ಣ ಬಳಿದ ಪೆಟ್ಟಿಗೆ, ಮೇಲೆ ಎರಡು ಪದರ ಗಾಜು, ಒಂದು ಕನ್ನಡಿ. 1980ರ ದಶಕದಲ್ಲಿ ಸರ್ಕಾರ ಸಬ್ಸಿಡಿ ಕೊಟ್ಟು ಪ್ರಚಾರ ಮಾಡಿದ್ದು ಇದನ್ನೇ. ಒಳಗಿನ ಬಿಸಿ 100ರಿಂದ 140 ಡಿಗ್ರಿ. ಅನ್ನ, ಬ್ಯಾಳಿ, ಕಾಳು, ಗೆಣಸು ಎರಡು-ಮೂರು ತಾಸಲ್ಲಿ ಬೇಯುತ್ತವೆ, ತಳ ಹಿಡಿಯಲ್ಲ, ಕಾಯೋ ಕೆಲಸ ಇಲ್ಲ.

ಆದರೆ ಜೋಳದ ರೊಟ್ಟಿಗೆ ಹಂಚು 200 ಡಿಗ್ರಿ ದಾಟಿ ಕಾಯಬೇಕು. ಒಗ್ಗರಣೆಗೂ ಅಷ್ಟೇ ಬಿಸಿ ಬೇಕು. ರೊಟ್ಟಿ ಇಲ್ಲದೆ ಊಟ ಮುಗಿಯದ ಈ ಭಾಗದಲ್ಲಿ ಪೆಟ್ಟಿಗೆ ತಂದರೂ ಗ್ಯಾಸ್ ಒಲೆ ಬಿಡೋ ಹಾಗಿಲ್ಲ.

ಛತ್ರಿ ಮಾದರಿಯ ಡಿಶ್ ಒಲೆ ಬೇರೆ. 1.4 ಮೀಟರ್ ಅಗಲದ ಡಿಶ್ ಬಿಸಿಲನ್ನು ಒಂದೇ ಕಡೆ ಬೀಳಿಸುವುದರಿಂದ ಒಗ್ಗರಣೆ, ಹುರಿಯೋದು ಎಲ್ಲಾ ಆಗುತ್ತೆ. ಆದರೆ ಅಡುಗೆ ಮಾಡೋರು ಬಿಸಿಲಲ್ಲೇ ನಿಲ್ಲಬೇಕು, ಸೂರ್ಯ ಸರಿದ ಹಾಗೆ ಡಿಶ್ ತಿರುಗಿಸ್ತಾ ಇರಬೇಕು, ಕಣ್ಣಿಗೆ ಪ್ರಖರ ಬೆಳಕು ಬೇರೆ. ತೋಟಪಟ್ಟಿ ಮನೆಗೆ ಸರಿ, ಪೇಟೆ ಗಲ್ಲಿಗೆ ಕಷ್ಟ.

ಶಿರಡಿಯಲ್ಲಿ ಹೇಗೆ ನಡೀತು?

ಈ ಭಾಗದ ಭಕ್ತರು ಹೋಗಿಬರೋ ಶಿರಡಿ ಸಾಯಿಬಾಬಾ ಪ್ರಸಾದಾಲಯದಲ್ಲಿ 2009ರಲ್ಲಿ 73 ದೊಡ್ಡ ಡಿಶ್‌ಗಳನ್ನು ಕೂಡಿಸಲಾಯಿತು. ಅವು ನೀರನ್ನು ಹಬೆ ಮಾಡುತ್ತವೆ, ಆ ಹಬೆಯಲ್ಲಿ ಅನ್ನ, ಬ್ಯಾಳಿ ಬೇಯುತ್ತೆ. ದಿನಕ್ಕೆ ಸಾವಿರಾರು ಜನರಿಗೆ ಒಂದೇ ನಮೂನೆ ಅಡುಗೆ, ದೊಡ್ಡ ಮಾಳಿಗೆ, ನೋಡಿಕೊಳ್ಳಲು ಸಿಬ್ಬಂದಿ ಇದ್ದಲ್ಲಿ ಮಾತ್ರ ಇದು ಹೊಂದುತ್ತೆ. ನಿತ್ಯ ದಾಸೋಹದ ದೊಡ್ಡ ಮಠ, ಹಾಸ್ಟೆಲ್‌ಗಳು ಯೋಚಿಸಬಹುದು. 20 ಟೇಬಲ್‌ನ ಖಾನಾವಳಿಗೆ ಆಗದ ಮಾತು.

ಪ್ಯಾನೆಲ್ ಜೊತೆ ಇಂಡಕ್ಷನ್: ಲೆಕ್ಕ ಏನು?

14.2 ಕೆಜಿ ಸಿಲಿಂಡರ್ ಮಾಡೋ ಕೆಲಸವನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು ಸುಮಾರು 120ರಿಂದ 140 ಯೂನಿಟ್ ಕರೆಂಟ್ ಬೇಕು. 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತೆ. ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್. ನೆಟ್ ಮೀಟರ್ ಇದ್ದರೆ ಹಗಲಿನ ಕರೆಂಟ್ ಹೆಸ್ಕಾಂಗೆ ಹೋಗಿ, ರಾತ್ರಿ-ಬೆಳಿಗ್ಗೆ ಬಳಸಿದ್ದಕ್ಕೆ ಜಮಾ ಆಗುತ್ತೆ. ಹೊತ್ತಿನ ತೊಡಕು ಇಲ್ಲಿ ಬಗೆಹರಿಯುತ್ತೆ.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ (2024) 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಹಾಗೂ ಮೇಲ್ಪಟ್ಟಿದ್ದಕ್ಕೆ 78,000 ರೂ. ಸಬ್ಸಿಡಿ ಇದೆ. ಮಳೆಗಾಲದಲ್ಲಿ ಘಟ್ಟಕ್ಕೆ ಹತ್ತಿರದ ನಿಪ್ಪಾಣಿ ಕಡೆ ಮೋಡ ಹೆಚ್ಚು, ಉತ್ಪಾದನೆ ಕುಸಿಯುತ್ತೆ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಪ್ಯಾನೆಲ್, ಲೈನ್ ಹೋದರೆ ಬಿಸಿಲಿದ್ದರೂ ಬಂದ್.

ಪ್ಯಾನೆಲ್ ಇಲ್ಲದೆ ಬರೀ ಇಂಡಕ್ಷನ್ ತರೋರು ಗೃಹಜ್ಯೋತಿ ಲೆಕ್ಕ ನೋಡಬೇಕು. ಸರಾಸರಿ 48 ಯೂನಿಟ್ ದಾಟಿದವರಿಗೆ ಉಚಿತ ಯೂನಿಟ್ ಅಂದ್ರೆ 2022-23ರ ಸರಾಸರಿ ಬಳಕೆ ಮೇಲೆ ಶೇ 10. ಸರಾಸರಿ 60 ಇದ್ದವರಿಗೆ ಸಿಗೋದು 66. ಇಂಡಕ್ಷನ್‌ಗೆ ದಿನಕ್ಕೆ ಒಂದೂವರೆ ಯೂನಿಟ್ ಹೋದರೆ ಬಳಕೆ 105 ಆಗಿ, 39 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್.

ಅಂಗಡಿಕಾರರಿಗೆ ಏನು?

ಸೂರ್ಯ ಘರ್ ಸಬ್ಸಿಡಿ ಮನೆ ಮೀಟರ್‌ಗೆ ಮಾತ್ರ, ಅಂಗಡಿ ಮೀಟರ್‌ಗೆ ಇಲ್ಲ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಒಂದರ ಬದಲಿಗೆ ಸುಮಾರು ಒಂದೂವರೆ ಕಿಲೋವ್ಯಾಟ್ ಪ್ಯಾನೆಲ್ ಬೇಕು. ತಿಂಗಳಿಗೆ 8 ಸಿಲಿಂಡರ್ ಸುಡೋ ಖಾನಾವಳಿಗೆ 12 ಕಿಲೋವ್ಯಾಟ್, ಅಂದ್ರೆ ನೆರಳು ಬೀಳದ 1,200 ಚದರಡಿ ಮಾಳಿಗೆ. ಬಾಡಿಗೆ ಅಂಗಡಿಯವರಿಗೆ ಮಾಳಿಗೆ ಎಲ್ಲಿಂದ ಬರಬೇಕು?

ಅಂಥವರಿಗೆ ಕಡಿಮೆ ಖರ್ಚಿನ ದಾರಿ, ಮನೆಗಳ ಮೇಲೆ ಕಾಣೋ ಸೋಲಾರ್ ವಾಟರ್ ಹೀಟರ್. ಮಾಲೀಕರು ಒಪ್ಪಿದರೆ ಇದಕ್ಕೆ ಸ್ವಲ್ಪ ಜಾಗ ಸಾಕು. 25 ಡಿಗ್ರಿ ನೀರು ಕುದಿಯಲು 75 ಡಿಗ್ರಿ ಏರಬೇಕು. ಹೀಟರ್‌ನಿಂದ 60 ಡಿಗ್ರಿ ನೀರು ಸಿಕ್ಕರೆ ಅದರಲ್ಲಿ 35 ಡಿಗ್ರಿ ಆಗಲೇ ಮುಗಿದಿರುತ್ತೆ. ನೀರು ಕುದಿಸೋ ಗ್ಯಾಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಉಳಿತಾಯ. ಟ್ಯಾಂಕ್ ಬಿಸಿಯನ್ನು ಬೆಳಿಗ್ಗೆವರೆಗೆ ಹಿಡಿದಿಡೋದರಿಂದ ನಾಷ್ಟಾ ಹೊತ್ತಿಗೂ ಬರುತ್ತೆ. ಅನ್ನ, ಬ್ಯಾಳಿ ಇಡೋದಿದ್ದರೆ ಟ್ಯಾಂಕ್ ಒಳಗಿನ ಲೋಹ ಅಡುಗೆ ನೀರಿಗೆ ಯೋಗ್ಯವೇ ಎಂದು ಕೊಳ್ಳುವಾಗಲೇ ಕೇಳಬೇಕು, ಬೋರ್ ನೀರಿನ ಕ್ಷಾರ ಆಗಾಗ ತೆಗೆಸಬೇಕು. ಇಲ್ಲದಿದ್ದರೆ ಪಾತ್ರೆ ತೊಳೆಯಲು ಬಳಸಿದರೂ ಅಷ್ಟು ಗ್ಯಾಸ್ ಉಳಿಯುತ್ತೆ.

ಹೊಸದು ಕೊಳ್ಳುವ ಮೊದಲು ಒಂದು ತಿಂಗಳು ಬರೆದಿಡಿ: ಎಷ್ಟು ಸಿಲಿಂಡರ್ ಹೋಯ್ತು, ಅದರಲ್ಲಿ ಕುದಿಸಲು ಎಷ್ಟು, ಹುರಿಯಲು-ಕರಿಯಲು ಎಷ್ಟು. ಕುದಿಸೋ ಪಾಲು ಹೆಚ್ಚಿದ್ದರೆ ವಾಟರ್ ಹೀಟರ್‌ನಿಂದ ಶುರು ಮಾಡಬಹುದು. ರೊಟ್ಟಿ, ಭಜಿಯೇ ಮುಖ್ಯ ವ್ಯಾಪಾರ ಇದ್ದವರು ಸದ್ಯಕ್ಕೆ ಗ್ಯಾಸ್ ಬಿಡೋ ಯೋಚನೆ ಮಾಡದಿರೋದೇ ಲೇಸು.