ಜೋಡಿಯಾಟದ ಲೆಕ್ಕ



ಹುಲಗೂರು ಎಂದೊಡನೆ ಹಜರತ್ ಶಾ ಕಾದ್ರಿಯವರ ದರ್ಗಾ ಮತ್ತು ಶಿಶುನಾಳ ಶರೀಫರ ಹೆಸರು ಒಟ್ಟಿಗೇ ನೆನಪಾಗುತ್ತವೆ. ಶಿಗ್ಗಾಂವಿ ತಾಲೂಕಿನ ಆ ಊರಿನ ಸೋದರಿಯೊಬ್ಬರು ಕೇಳಿರುವ ಪ್ರಶ್ನೆಗೆ ಈ ತಿಂಗಳ ಪುಟ ಮೀಸಲು. ಅವರ ಕಿರಿಯ ಮಗನಿಗೆ ಹದಿಮೂರು ವರ್ಷ. ಹುಟ್ಟಿನಿಂದಲೇ ಎಡಪಾದ ಒಳಕ್ಕೆ ತಿರುಗಿದೆ. ಅಸರ್ ನಮಾಝ್ ಮುಗಿಸಿ ಅಣ್ಣಂದಿರು ಶಾಲೆಯ ಬಯಲಿನಲ್ಲಿ ಶಟಲ್ ಆಡುತ್ತಾರೆ. ಇವನು ಗೆರೆಯ ಹೊರಗೆ ಕುಳಿತು ಕಾಕ್ ಹೆಕ್ಕಿಕೊಡುತ್ತಾನೆ. ಈಗ ತಾನೂ ಆಡುತ್ತೇನೆಂದು ಹಟ ಹಿಡಿದಿದ್ದಾನೆ. "ಬಿದ್ದು ಇನ್ನೊಂದು ಕಾಲೂ ಮುರಿದುಕೊಂಡರೆ ಯಾರು ಗತಿ?" ಎಂದು ಅತ್ತೆಯವರು ಬಿಡುತ್ತಿಲ್ಲ. ಅಣ್ಣಂದಿರಿಗೂ ಅವನನ್ನು ಸೇರಿಸಿಕೊಂಡರೆ ಸೋಲುತ್ತೇವೆಂಬ ಚಿಂತೆ. ಕಳಿಸಲೋ ಬೇಡವೋ ಎಂಬುದು ಈ ತಾಯಿಯ ಪ್ರಶ್ನೆ.

ಉತ್ತರ ಹೇಳುವ ಮುನ್ನ ಒಂದು ನಿಯಮವನ್ನು ತಿಳಿಸುತ್ತೇನೆ. ಅದನ್ನು ಆ ಅಣ್ಣಂದಿರಿಗೆ ಓದಿ ಹೇಳಬೇಕು.

ವಿಕಲಚೇತನರ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್‌ನಲ್ಲಿ ಆಟಗಾರರನ್ನು ಆರು ವರ್ಗಗಳಾಗಿ ವಿಂಗಡಿಸುತ್ತಾರೆ. ಗಾಲಿಕುರ್ಚಿಯಲ್ಲಿ ಆಡುವವರು ಡಬ್ಲ್ಯುಎಚ್-1 ಮತ್ತು 2. ಕಾಲಿನ ತೊಂದರೆಯಿದ್ದೂ ನಿಂತು ಆಡುವವರು ಎಸ್‌ಎಲ್-3 ಮತ್ತು 4. ಕೈಯ ತೊಂದರೆಯವರು ಎಸ್‌ಯು-5, ಕುಬ್ಜ ದೇಹದವರು ಎಸ್‌ಎಚ್-6. ಕಾಲಿನ ತೊಂದರೆ ಹೆಚ್ಚಿದ್ದವರು 3ರಲ್ಲಿ, ಕಡಿಮೆ ಇದ್ದವರು 4ರಲ್ಲಿ. ಒಬ್ಬೊಬ್ಬರೇ ಆಡುವಾಗ ಎಸ್‌ಎಲ್-3ರವರಿಗೆ ಅಂಕಣದ ಅರ್ಧ ಭಾಗ ಮಾತ್ರ. ಜೋಡಿಯಾಟಕ್ಕೆ ಬಂದರೆ ಪೂರ್ತಿ ಅಂಕಣ.

ಪುರುಷರ ಜೋಡಿಯಾಟದಲ್ಲಿ ಈ 3 ಮತ್ತು 4 ಬರೀ ಹೆಸರುಗಳಲ್ಲ, ಅಂಕಗಳೂ ಹೌದು. ಇಬ್ಬರ ಅಂಕ ಕೂಡಿದರೆ 7 ದಾಟಬಾರದು. ಅಂದರೆ ಇಬ್ಬರು ಎಸ್‌ಎಲ್-4ರವರು ಸೇರಿ ಜೋಡಿ ಕಟ್ಟುವಂತಿಲ್ಲ. ಜೋಡಿಯಲ್ಲಿ ಹೆಚ್ಚು ತೊಂದರೆಯುಳ್ಳ ಒಬ್ಬನಾದರೂ ಇರಲೇಬೇಕು. ಗಾಲಿಕುರ್ಚಿಯ ಜೋಡಿಯಲ್ಲೂ ಇದೇ ಲೆಕ್ಕ. ಅಲ್ಲಿ ಮಿತಿ 3. ಇಬ್ಬರು ಬಲಶಾಲಿಗಳು ಕೈಜೋಡಿಸಿ ಉಳಿದವರನ್ನು ಹೊರಗಿಡದಂತೆ ಆಟದ ಕಾಗದದಲ್ಲೇ ತಡೆ ಹಾಕಿದ್ದಾರೆ. ಹಾಸನದಲ್ಲಿ ಹುಟ್ಟಿದ ನಮ್ಮ ಸುಹಾಸ್ ಯತಿರಾಜ್ ಎಸ್‌ಎಲ್-4ರವರು. ಅಂಥ ಆಟಗಾರನೂ ಈ ಪುರುಷರ ಜೋಡಿಗೆ ಇಳಿಯಬೇಕಾದರೆ ತನಗಿಂತ ಹೆಚ್ಚು ಕುಂಟುವವನನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಓಣಿಯ ಆಟಗಳಲ್ಲಿ ಇಂಥವನನ್ನು ಕೊನೆಗೆ, ಯಾರೂ ಸಿಗದಿದ್ದಾಗ ಕರೆಯುವುದು ವಾಡಿಕೆ.

ಈ ಜೋಡಿಯಾಟದಲ್ಲಿ ಭಾರತದವರು ದೊಡ್ಡ ಹೆಸರು ಮಾಡಿದ್ದಾರೆ. ಒಡಿಶಾದ ಪ್ರಮೋದ್ ಭಗತ್ ಮತ್ತು ಉತ್ತರಾಖಂಡದ ರುದ್ರಪುರದ ಮನೋಜ್ ಸರ್ಕಾರ್ ಸೇರಿ 2019ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಿಶ್ವ ಚಾಂಪಿಯನ್ನರಾದರು. ಇಬ್ಬರೂ ಎಸ್‌ಎಲ್-3ರವರು. 2023ರಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ನಿತೇಶ್ ಕುಮಾರ್ ಮತ್ತು ತರುಣ್ ಧಿಲ್ಲೋನ್ ಜೋಡಿಗೆ ಚಿನ್ನ ಬಂತು. ಅವರದು ಸರಿಯಾಗಿ ಏಳರ ಜೋಡಿ, ಒಬ್ಬ 3, ಒಬ್ಬ 4. ಗಾಲಿಕುರ್ಚಿಯ ವಿಭಾಗದಲ್ಲಿ ಲಖ್ನೋದ ಅಬು ಹುಬೈದಾ, ಪ್ರೇಮ್‌ಕುಮಾರ್ ಆಲೆಯವರ ಜೊತೆಗೂಡಿ ದೇಶಕ್ಕಾಗಿ ಆಡುತ್ತ ಬಂದಿದ್ದಾರೆ.

ಒಂದು ಬೇಸರದ ಸಂಗತಿಯೂ ಇದೆ. ಪ್ಯಾರಾಲಿಂಪಿಕ್ಸ್‌ಗೆ ಬ್ಯಾಡ್ಮಿಂಟನ್ ಸೇರಿದ್ದೇ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಅಲ್ಲಿ ಪುರುಷರ ಜೋಡಿಯಾಟ ಗಾಲಿಕುರ್ಚಿಯವರಿಗೆ ಮಾತ್ರ ಇತ್ತು. 2024ರ ಪ್ಯಾರಿಸ್‌ನಲ್ಲೂ ಹಾಗೆಯೇ. ಎರಡು ಸಲವೂ ಚೀನಾದ ಮಾಯ್ ಜಿಯಾನ್‌ಪೆಂಗ್ ಮತ್ತು ಚು ಝಿಮೋ ಚಿನ್ನ ಗೆದ್ದರು. ನಿಂತು ಆಡುವ ಪುರುಷರ ಜೋಡಿಗೆ ಅಲ್ಲಿ ಜಾಗವೇ ಇರಲಿಲ್ಲ. ವಿಶ್ವ ಚಾಂಪಿಯನ್ ಜೋಡಿಯಾದ ಭಗತ್ ಮತ್ತು ಸರ್ಕಾರ್ ಟೋಕಿಯೋದಲ್ಲಿ ಬೇರೆ ಬೇರೆಯಾಗಿ, ಒಂದೇ ಸಿಂಗಲ್ಸ್ ಪದಕಕ್ಕೆ ಪೈಪೋಟಿ ನಡೆಸಬೇಕಾಯಿತು. ಭಗತ್‌ಗೆ ಚಿನ್ನ, ಸರ್ಕಾರ್‌ಗೆ ಕಂಚು. ಇದು ನನಗೆ ನ್ಯಾಯವೆನಿಸುವುದಿಲ್ಲ.

ಮನೋಜ್ ಸರ್ಕಾರ್ ಮಗುವಾಗಿದ್ದಾಗ ಬಂದ ಜ್ವರಕ್ಕೆ ಸಿಕ್ಕ ತಪ್ಪು ಚಿಕಿತ್ಸೆಯಿಂದ ಕಾಲು ಸೊರಗಿತು. ಬಡ ಮನೆ. ತಾಯಿ ಹೊಲದಲ್ಲಿ ಬಟಾಣಿ ಕೀಳುವ ಕೂಲಿಗೆ ಹೋಗಿ, ಆ ದುಡ್ಡಿನಲ್ಲಿ ಮಗನಿಗೆ ಮೊದಲ ರಾಕೆಟ್ ತಂದುಕೊಟ್ಟರು. ಬಟಾಣಿಯ ಬದಲು ಮೆಣಸಿನಕಾಯಿ, ಹತ್ತಿ ಎಂದುಕೊಂಡರೆ ನಮ್ಮ ಹಾವೇರಿ ಸೀಮೆಯ ಎಷ್ಟು ತಾಯಂದಿರ ಕೈಗಳು ಕಣ್ಣಮುಂದೆ ಬರುತ್ತವೆ! ಕುಂಟುವ ಮಗನಿಗೆ ರಾಕೆಟ್ ಯಾಕೆ ಎಂದು ಆ ಊರಿನಲ್ಲೂ ಯಾರಾದರೂ ಅಂದಿದ್ದಾರು.

ಸುಹಾಸ್ ಅವರದು ಬೇರೆ ಬಗೆ. ಹುಟ್ಟಿನಿಂದ ಕಣಕಾಲಿನ ತೊಂದರೆ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, 2007ರ ತಂಡದಲ್ಲಿ ಐಎಎಸ್ ಅಧಿಕಾರಿಯಾದರು. ಉತ್ತರ ಪ್ರದೇಶದ ಅಝಮ್‌ಗಢದ ಜಿಲ್ಲಾಧಿಕಾರಿಯಾಗಿದ್ದಾಗ, 2016ರಲ್ಲಿ, ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದರು. ಆಗ ಅವರ ವಯಸ್ಸು 33. ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಸಿಂಗಲ್ಸ್ ಬೆಳ್ಳಿ. ಆಟವಾಡಿದರೆ ಓದು ಕೆಡುತ್ತದೆ ಎನ್ನುವ ಮನೆಯವರಿಗೆ ಇಷ್ಟು ಸಾಕು.

ಇನ್ನು ಅತ್ತೆಯವರ ಮಾತು. ಅವರ ಭಯದಲ್ಲಿ ಪ್ರೀತಿಯಿದೆ, ಅದನ್ನು ಹಗುರ ಮಾಡಬೇಡಿ. ಆದರೆ ಅವರಿಗೆ ಹಜ್ರತ್ ಅಮ್ರ್ ಬಿನ್ ಜಮೂಹ್(ರ)ರ ವೃತ್ತಾಂತ ಹೇಳಿ. ಅವರ ಒಂದು ಕಾಲು ಬಹಳ ಕುಂಟು. ಉಹುದ್‌ನ ದಿನ ಅವರು ಹೊರಟು ನಿಂತಾಗ ಗಂಡುಮಕ್ಕಳು ತಡೆದರು. ಅಲ್ಲಾಹನೇ ನಿಮಗೆ ವಿನಾಯಿತಿ ಕೊಟ್ಟಿರುವಾಗ ನೀವೇಕೆ ಹೋಗಬೇಕು ಎಂಬುದು ಅವರ ವಾದ. ಅವರು ಪ್ರವಾದಿ(ಸ)ರ ಬಳಿಗೆ ದೂರು ಒಯ್ದರು. ನಿಮ್ಮ ಮೇಲೆ ಕಡ್ಡಾಯವಿಲ್ಲ ಎಂದು ಪ್ರವಾದಿ(ಸ) ಅವರಿಗೆ ತಿಳಿಸಿದರು. ಅದರ ಜೊತೆಗೇ, ಅವರನ್ನು ತಡೆಯಬೇಡಿರೆಂದು ಮಕ್ಕಳಿಗೂ ಹೇಳಿದರು. ಅವರು ಅಲ್ಲೇ ಹುತಾತ್ಮರಾದರು. ಬದುಕಿನಲ್ಲಿ ಆಪ್ತ ಮಿತ್ರರಾಗಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರ ಜೊತೆ ಅವರನ್ನು ಒಂದೇ ಗೋರಿಯಲ್ಲಿ ದಫನ ಮಾಡಲಾಯಿತು. ಯುದ್ಧಕ್ಕೂ ಶಟಲ್‌ಗೂ ಹೋಲಿಕೆ ಮಾಡುತ್ತಿಲ್ಲ. ನಾನು ಹೇಳುತ್ತಿರುವುದು ಮನೆಯವರ ನಡೆಯ ಬಗ್ಗೆ. ದೀನ್ ಅಶಕ್ತನಿಗೆ ಕೊಟ್ಟಿರುವ ರಿಯಾಯಿತಿಯನ್ನು ನಾವು ಅವನ ಕಾಲಿಗೆ ಹಗ್ಗ ಮಾಡಿ ಕಟ್ಟುತ್ತೇವೆ.

ಹೆಣ್ಣುಮಗುವಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಟೋಕಿಯೋದಲ್ಲಿ ಮಹಿಳೆಯರ ಜೋಡಿಯಾಟದ ಒಂದು ಚಿನ್ನ ಗೆದ್ದವರು ಇಂಡೋನೇಷ್ಯಾದ ಲಿಯಾನಿ ರತ್ರಿ ಒಕ್ತಿಲಾ ಮತ್ತು ಖಾಲಿಮತುಸ್ ಸಾದಿಯಾ. ಒಬ್ಬರಿಗೆ ಕಾಲಿನ ತೊಂದರೆ, ಒಬ್ಬರಿಗೆ ಕೈಯದು. ಸಾದಿಯಾ ಆಡಿದ್ದು ಹಿಜಾಬ್ ತೊಟ್ಟೇ.

ಸೋದರೀ, ಮಗನನ್ನು ಕಳಿಸಿ. ಅದಕ್ಕೆ ಮೊದಲು ಒಮ್ಮೆ ಮೂಳೆ ವೈದ್ಯರಿಗೆ ಪಾದ ತೋರಿಸಿ, ಎಂಥ ಶೂ ಹಾಕಬೇಕು ಎಂದು ಕೇಳಿ. ಚಪ್ಪಲಿಯಲ್ಲಿ ಆಡಿಸಬೇಡಿ, ಬೀಳುವುದು ಅದರಿಂದಲೇ. ಮೊದಲ ಕೆಲವು ವಾರ ಅಣ್ಣನ ಎದುರು ಅರ್ಧ ಅಂಕಣದಲ್ಲಿ ಆಡಲಿ. ನಡುವೆ ಉದ್ದಕ್ಕೆ ಸುಣ್ಣದ ಒಂದು ಗೆರೆ ಎಳೆದರಾಯಿತು. ಅಂತಾರಾಷ್ಟ್ರೀಯ ನಿಯಮವೇ ಹಾಗಿದೆ ಎಂದರೆ ಹುಡುಗರು ನಗುವುದಿಲ್ಲ. ಗರಿಯ ಕಾಕ್ ಬೇಗ ಹಾಳಾಗುತ್ತದೆ, ಬಯಲಿಗೆ ನೈಲಾನ್ ಕಾಕ್ ಸಾಕು.

ಜೊತೆಗೆ ಅವನ ಯುಡಿಐಡಿ ಕಾರ್ಡ್ ಆಗಿದೆಯೇ ನೋಡಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಕೊಟ್ಟಿದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟಾದರೂ ವೈಕಲ್ಯವಿದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದೇ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬಿಸಿಕೊಡುತ್ತಾರೆ. ಆಟದ ವರ್ಗ ಮಾತ್ರ ಈ ಕಾರ್ಡಿನ ಶೇಕಡಾದಿಂದ ತೀರ್ಮಾನವಾಗುವುದಿಲ್ಲ. ಅದಕ್ಕೆಂದೇ ತರಬೇತಾದವರು ಆಟಗಾರನ ದೇಹ ಪರೀಕ್ಷಿಸಿ, ಅವನು ಓಡುವುದನ್ನೂ ಆಡುವುದನ್ನೂ ಕಣ್ಣಾರೆ ನೋಡಿ ನಿರ್ಧರಿಸುತ್ತಾರೆ. ಆ ದಿನ ಬರಬೇಕಾದರೆ ಅವನು ಗೆರೆಯ ಒಳಗೆ ಇರಬೇಕಷ್ಟೆ. ಕಾಕ್ ಹೆಕ್ಕುವ ಸರದಿಯನ್ನು ಅಣ್ಣಂದಿರೂ ಹಂಚಿಕೊಳ್ಳಲಿ.